ಹಲಗೆಗೆ ಕಟ್ಟಿದ್ದ ಕೈಗೆ ಸೊನ್ನೆ ಕೊಟ್ಟವರಿಗೆ

ಪುನಶ್ಚೇತನ ಚಿಕಿತ್ಸಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಯಜಮಾನರ ಬಲಗೈ ಇನ್ನು ಕೆಲಸಕ್ಕೆ ಬಾರದು ಎಂದು ನಿಮ್ಮ ವಿಭಾಗ ಅವರಿಗೆ ಸ್ಟ್ರೋಕ್ ಆದ ಮೂರನೆಯ ದಿನವೇ ಬರೆದಿಟ್ಟಿದೆ. ಬರೆದ ಹೊತ್ತಿನಲ್ಲಿ ಆ ಕೈಯ ಐದೂ ಬೆರಳುಗಳು ಒಂದು ಹಲಗೆಗೆ ಬಿಗಿಯಾಗಿ ಕಟ್ಟಲ್ಪಟ್ಟಿದ್ದವು. ಕಟ್ಟಿದವಳು ನಾನೇ. ಇದನ್ನು ನಾಲ್ಕು ಅರ್ಜಿಗಳಲ್ಲಿ ತಿಳಿಸಿದ್ದೇನೆ. ನಿಮ್ಮ ಕಚೇರಿಯಲ್ಲಿ ಅವಕ್ಕೆ ಒಳ್ಳೆಯ ನಿದ್ದೆ ಹತ್ತಿರುವಂತಿದೆ. ಆದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ಮೂರನೆಯ ದಿನ ತೋಳು ಎಷ್ಟು ಮೇಲೇಳುತ್ತದೆ, ಬೆರಳು ಎಷ್ಟು ಚಾಚುತ್ತದೆ ಎಂದು ನೋಡಿ ಒಂದೊಂದಕ್ಕೂ ಐದರಲ್ಲಿ ಅಂಕ ಕೊಟ್ಟರೆ, ಮೂರು ತಿಂಗಳ ಮೇಲೆ ಆ ಕೈ ಹೇಗಿರುತ್ತದೆಂದು ಬಹುಮಟ್ಟಿಗೆ ಹೇಳಬಹುದಂತೆ. ಒಪ್ಪಿದೆ. ಎರಡೂ ಸೇರಿ ಐದಾದರೂ ಬಂದವರಿಗೆ ನಿಮ್ಮಲ್ಲಿ ದಿನವೂ ಕೈಯ ವ್ಯಾಯಾಮ. ಬಾರದವರಿಗೆ ಇನ್ನೊಂದು ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವ ಪಾಠ. ಯಜಮಾನರ ತೋಳಿಗೆ ಮೂರು ಬಂತು, ಬೆರಳಿಗೆ ಸೊನ್ನೆ. ಕಟ್ಟಿದ ಬೆರಳು ಅಲುಗಲಿಲ್ಲವೆಂದು ಸೊನ್ನೆ ಕೊಡುವುದಾದರೆ, ಬೀಗ ಹಾಕಿದ ಅಂಗಡಿಯ ಮುಂದೆ ನಿಂತು ಇಲ್ಲಿ ವ್ಯಾಪಾರವಿಲ್ಲ ಎಂದೂ ಬರೆದುಕೊಂಡು ಹೋಗಬಹುದಲ್ಲವೇ?

ನಡೆದದ್ದು ಇಷ್ಟು. ನಮ್ಮದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ಅವರು ಹಾಳೆ ಹೊಲಿಯುತ್ತಾರೆ, ನಾನು ಅಂಟು ಹಚ್ಚಿ ಬಿಗಿಯುತ್ತೇನೆ. ಆಸ್ಪತ್ರೆಯಲ್ಲಿ ಎಡಗೈ ಊದಿಕೊಂಡಿದ್ದರಿಂದ ಬಲಗೈಗೇ ಡ್ರಿಪ್ ಹಾಕಿ, ಕೈ ಅಲುಗದಂತೆ ಕೆಳಗೊಂದು ಪುಟ್ಟ ಹಲಗೆ ಇಟ್ಟಿದ್ದರು. ಬ್ಯಾಂಡೇಜು ಪದೇಪದೇ ಜಾರುತ್ತಿತ್ತು. "ಇದೇನ್ ಕಟ್ಟೋದು ಸಿಸ್ಟರ್, ಕೊಡಿ ಇಲ್ಲಿ" ಎಂದು ನಾನೇ ಇಸಿದುಕೊಂಡು, ಅಂಟು ಒಣಗುವ ತನಕ ಹೊಸ ಪುಸ್ತಕವನ್ನು ಹಲಗೆಗಳ ನಡುವೆ ಕಟ್ಟಿಡುವ ಹಾಗೆ ಬೆರಳ ತುದಿಯವರೆಗೂ ಸುತ್ತಿ ಗಂಟು ಹಾಕಿದೆ. ಆಮೇಲೆ ಮಾತ್ರೆ ತರಲು ಕೆಳಗೆ ಹೋದೆ. ಅಷ್ಟರಲ್ಲಿ ನಿಮ್ಮ ಪರೀಕ್ಷಕರು ಬಂದು "ತೋಳು ಎತ್ತಿ, ಬೆರಳು ಬಿಡಿಸಿ" ಎಂದರಂತೆ. ಬ್ಯಾಂಡೇಜು ಕಣ್ಣಿಗೆ ರಾಚುವಂತಿದ್ದರೂ ಬಿಚ್ಚಲಿಲ್ಲ. ಇನ್ನೂ ಹನ್ನೊಂದು ಹಾಸಿಗೆ ಬಾಕಿ ಇದ್ದವಂತೆ. ಮಾತು ತೊದಲುತ್ತಿದ್ದ ನಮ್ಮವರು "ಕಟ್ಟಿದೆ" ಎಂದು ಹೇಳಿ ಮುಗಿಸುವಷ್ಟರಲ್ಲಿ ಪರೀಕ್ಷಕರು ಮುಂದಿನ ಹಾಸಿಗೆಯ ಬಳಿ ಇದ್ದರು.

ಹಿಂದಿನ ದಿನ ಅದೇ ಬೆರಳುಗಳು ನನ್ನ ಮುಷ್ಟಿಯೊಳಗಿಂದ ಮೆಲ್ಲನೆ ಬಿಡಿಸಿಕೊಂಡಿದ್ದವು. ಅವರ ಕೈಯನ್ನು ನನ್ನ ಕೈಯಾರೆ ಕಳೆದೆನೇ ಎಂಬ ಸಂಕಟ ನನ್ನನ್ನು ತಿನ್ನುತ್ತಿದೆ. ನನ್ನ ತಪ್ಪಿಗೆ ನಾನು ಅಳುತ್ತೇನೆ. ನಿಮ್ಮ ತಪ್ಪಿಗೆ ಯಾರು ಅಳಬೇಕು?

ಮೊನ್ನೆ ನಿಮ್ಮ ಗುಮಾಸ್ತರ ಮುಂದೆ ನಿಂತು ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದೆ.

"ಮೂರನೇ ದಿನದ ಅಂಕ ಮೂರನೇ ದಿನಾನೇ ಹಾಕ್ಬೇಕಮ್ಮ. ಇವತ್ತಿಗೆ ನಲವತ್ತೊಂದು ದಿನ ಆಯ್ತು. ಫಾರಂನಲ್ಲಿ ಅದಕ್ಕೆ ಜಾಗಾನೇ ಇಲ್ಲ."

"ಹಾಗಾದ್ರೆ ಆ ದಿನಾನ ಎಲ್ಲಿಂದ ವಾಪಸ್ ತರ್ಲಿ ಸಾರ್?"

"ನನ್ಗೇನ್ ಗೊತ್ತು? ಮೇಲಿನೋರನ್ನ ಕೇಳಿ."

ಮೇಲಿನವರೆಂದರೆ ತಾವು. ಕೇಳುತ್ತಿದ್ದೇನೆ.

ಅಂಕ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಮನೆಗೆ ಕಳಿಸುವಾಗ ನೀವು ಕೊಟ್ಟ ಕಾಗದದಲ್ಲಿ 'ಬಲಗೈ ಚೇತರಿಕೆ ನಿರೀಕ್ಷಿತವಲ್ಲ' ಎಂದಿತ್ತು. ಅದನ್ನು ನಾನು ಬಚ್ಚಿಟ್ಟು, ದಿನಾ ಬೆಳಿಗ್ಗೆ ಸಂಜೆ ನನಗೆ ತಿಳಿದಂತೆ ಬೆರಳು ಬಿಡಿಸುವ ಅಭ್ಯಾಸ ಮಾಡಿಸುತ್ತಿದ್ದೆ. ತೋರುಬೆರಳು ಮತ್ತು ಹೆಬ್ಬೆರಳು ಹಟ ಬಿಟ್ಟು ಅಲುಗತೊಡಗಿದ್ದವು. ಹತ್ತು ದಿನದ ಹಿಂದೆ ಆ ಕಾಗದ ಅವರ ಕಣ್ಣಿಗೆ ಬಿತ್ತು. ಅಂದಿನಿಂದ ಬಲಗೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿದೆ. "ಓದಿದೋರು ಬರ್ದಿದಾರೆ ಕಣೆ. ನೀನ್ಯಾಕೆ ಸುಮ್ನೆ ಒದ್ದಾಡ್ತೀಯ, ಬಿಡು" ಎನ್ನುತ್ತಾರೆ. ನಿನ್ನೆ, ತಮ್ಮ ಸೂಜಿ ಪೆಟ್ಟಿಗೆಯನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟುಬಿಡು ಎಂದರು. ಇಪ್ಪತ್ತೆರಡು ವರ್ಷದಲ್ಲಿ ನನಗೂ ಮುಟ್ಟಗೊಡದ ಪೆಟ್ಟಿಗೆ ಅದು. ಭವಿಷ್ಯ ಹೇಳುವವರು ಬೀದಿಗೊಬ್ಬರಿದ್ದಾರೆ ಮಾನ್ಯರೇ, ಆದರೆ ಹೇಳಿದ್ದು ನಿಜವಾಗಲೆಂದು ಚಿಕಿತ್ಸೆಯನ್ನೇ ನಿಲ್ಲಿಸುವಷ್ಟು ಶ್ರದ್ಧೆ ಅವರಿಗಿಲ್ಲ.

ಕೈ ಚೇತರಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಎಂದು ನಿಮ್ಮ ಗೋಡೆಯ ಮೇಲೆ ನೀವೇ ಬರೆಸಿದ್ದೀರಿ. ಅದರಲ್ಲಿ ಅರ್ಧ ಮುಗಿಯುತ್ತ ಬಂತು. ಈ ವಾರದೊಳಗೆ ತಾವೇ ಬಂದು ಅವರನ್ನು ಪರೀಕ್ಷಿಸಬೇಕು. ಅಂಕ ಬಾರದಿದ್ದರೆ ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಕೈ ಚೇತರಿಸದು ಎಂಬ ಮಾತನ್ನು ಕಾಗದದ ಮೇಲೆ ಬರೆದು ಕಳಿಸಬೇಡಿ. ಅವರ ಎದುರು ಕುಳಿತು, ಆ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದು ಹೇಳಿ. ಹಿಡಿದ ಮೇಲೂ ಅದೇ ಮಾತು ನಿಮ್ಮ ಬಾಯಿಂದ ಬಂದರೆ, ಸೂಜಿ ಪೆಟ್ಟಿಗೆಯನ್ನು ನಾನೇ ಹೋಗಿ ಕೊಟ್ಟು ಬರುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ 'ಹದಿನೇಳನೇ ಹಾಸಿಗೆಯ ಕಡೆಯವರು' ಎಂದಷ್ಟೇ ಇರುವ ಹೆಂಗಸು