ಹಿಂದಿನ ಸೀಟಿನ ಆಣೆ

ಫೆಬ್ರವರಿ 3, ಬೆಳಿಗ್ಗೆ

ದೀಪ ಹಚ್ಚಿ, ಕೈ ಮುಗಿದು, ಹೆಲ್ಮೆಟ್ ಹಾಕಿಕೊಂಡೆ. ಐವತ್ತನೇ ವಯಸ್ಸಿಗೆ ಇದೊಂದು ಅಲಂಕಾರ ಬಾಕಿ ಇತ್ತು. ಇವತ್ತೂ ಕೆರೆಯ ದಂಡೆ ತನಕ ಹೋಗಿ ಬಂದೆವು. ತೊಡೆ ಮರಗಟ್ಟಿದೆ — ಬಿಸಿನೀರು ಸುರಿದುಕೊಂಡರೂ ನನ್ನದು ಅನ್ನಿಸುವುದಿಲ್ಲ.

ಜೋಡಿ ಸೈಕಲ್ಲು ಅಳಿಯನ ಸ್ನೇಹಿತನದು. ಗುಡ್ಡ ಹತ್ತುವ ದಪ್ಪ ಚಕ್ರದ್ದು. ಮುಂದೆ ಇವರು, ಹಿಂದೆ ನಾನು. ನನ್ನೆದುರಿಗೂ ಹ್ಯಾಂಡಲ್ ಇದೆ, ತಿರುಗುವುದಿಲ್ಲ. ಹಿಡಿದುಕೊಳ್ಳುವುದಕ್ಕಷ್ಟೇ. ಬ್ರೇಕೂ ಇಲ್ಲ. ಇವರು ತುಳಿದರೆ ನನ್ನ ಪೆಡಲೂ ತಿರುಗುತ್ತದೆ, ನನಗೆ ಬೇಕಿರಲಿ ಬೇಡದಿರಲಿ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಇದನ್ನು ಬೇರೆ ಕಲಿಸಬೇಕೆ ಅಂದೆ. ಅಳಿಯ ನಕ್ಕಿದ್ದೇ ನಕ್ಕಿದ್ದು. ಅವನು ಶಾಲೆಯ ಡ್ರಿಲ್ ಮೇಷ್ಟ್ರು. ಮನೆಯವರೆಲ್ಲ ಸೇರಿ ಸೈಕಲ್ಲಲ್ಲಿ ಘಟ್ಟ ದಾಟಬೇಕೆನ್ನುವುದು ಅವನದೂ ಮಗಳದೂ ಪ್ಲಾನು. ಮಾರ್ಚ್ ಕೊನೆಗೆ. ಒಂದು ವಾರದ ದಾರಿ.

ಎಲ್ಲರಿಗೂ ಸಂಭ್ರಮ. ನನಗೊಬ್ಬಳಿಗೆ ಎದೆ ಡವಡವ.

ಫೆಬ್ರವರಿ 5

ಇಲ್ಲಿ ಬರೆದರೂ ಆಣೆ ಮುರಿದ ಹಾಗೆಯೇ? ಯಾರಿಗೂ ಹೇಳುವುದಿಲ್ಲ ಎಂದು ದೀಪ ಮುಟ್ಟಿದ್ದು. ಇದನ್ನು ಓದುವವರು ಯಾರಿದ್ದಾರೆ... ದೇವರಿಗಂತೂ ಗೊತ್ತೇ ಇದೆ.

ಇವರ ಕಣ್ಣು ಹೋಗುತ್ತಿದೆ. ನೇರ ಎದುರಿನದು ಕಾಣುತ್ತದೆ, ಕೊಳವೆಯಲ್ಲಿ ನೋಡಿದ ಹಾಗೆ. ಅಕ್ಕಪಕ್ಕ ಇಲ್ಲ, ಕಾಲಬುಡ ಇಲ್ಲ. ಹೋದದ್ದು ಬರುವುದಿಲ್ಲವಂತೆ, ಉಳಿದದ್ದೂ ಎಷ್ಟು ದಿನವೋ. ಸೈಕಲ್ ಕೂಡ ಮುಟ್ಟಬೇಡಿ ಎಂದರು ಕಣ್ಣಿನ ಡಾಕ್ಟರು. ಆಯಸ್ಸೆಲ್ಲ ಬಸ್ಸು ಓಡಿಸಿದವರು, ಒಂದು ಕೋಳಿಗೂ ತಾಗಿಸಿದವರಲ್ಲ. ಮಂಡಿನೋವು ಎಂದು ಹೇಳಿ ಕೆಲಸ ಬಿಟ್ಟರು. ಇವರ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ.

ಆ ದಿನ ಮನೆಗೆ ಬಂದವರೇ ನನ್ನನ್ನು ದೀಪದ ಮುಂದೆ ನಿಲ್ಲಿಸಿದರು. "ಆ ಘಟ್ಟದ ತುದೀಲಿ ನಿಂತು ಒಂದ್ಸಲ ನೋಡ್ಬೇಕು ಕಣೇ. ಕಣ್ಣಿರೋವಾಗ್ಲೇ. ಬಂದ್ಮೇಲೆ ನಾನೇ ಎಲ್ರಿಗೂ ಹೇಳ್ತೀನಿ. ಅಲ್ಲೀತನಕ ನಿನ್ನ ಬಾಯಿಂದ ಬರಬಾರ್ದು."

ಮುಟ್ಟಿದೆ. ಕನಿಕರಕ್ಕೆ ಮುಟ್ಟಿದೆ. ಆಣೆ ಇಟ್ಟವಳ ನಾಲಿಗೆ ಅಡವಿಟ್ಟ ಒಡವೆ, ಬಿಡಿಸಿಕೊಳ್ಳುವ ತನಕ ನಮ್ಮದಲ್ಲ — ಅಮ್ಮ ಹೇಳುತ್ತಿದ್ದ ಮಾತು.

ಫೆಬ್ರವರಿ 14

ಈಗ ನಮಗೊಂದು ಭಾಷೆ ಆಗಿದೆ. ಎಡಕ್ಕೆ ತಿರುವು ಬಂದರೆ ನಾನು "ತಂದೇ" ಅನ್ನಬೇಕು. ಬಲಕ್ಕೆ "ದೇವಾ". ದಾರಿಯಲ್ಲಿ ಕಲ್ಲೋ ಗುಂಡಿಯೋ ಇದ್ದರೆ "ಕಾಪಾಡಪ್ಪಾ". ಇವರ ಭುಜದ ಪಕ್ಕದಿಂದ ಕತ್ತು ಚಾಚಿ ದಾರಿ ನೋಡಿ ನೋಡಿ ಕತ್ತು ಸೊಟ್ಟಗಾಗಿದೆ. ಹಿಂದೆ ಬರುವ ಅಳಿಯನಿಗೆ ಇದು ಬರೀ ಭಕ್ತಿ. "ಅತ್ತೆ ಜೊತೇಲಿದ್ರೆ ಇನ್ಶೂರೆನ್ಸೇ ಬೇಡ" ಅಂತಾನೆ. ಇವರೂ ನಗುತ್ತಾರೆ. ಹೇಗೆ ನಗು ಬರುತ್ತದೋ.

ಇಂದು ಇಳಿಜಾರಿನಲ್ಲಿ ನಿಜಕ್ಕೂ ಹೆದರಿಕೆಯಾಯಿತು. ದೇವರನ್ನು ಕರೆಯೋಣವೆಂದರೆ ಕರೆಯುವ ಹಾಗಿಲ್ಲ, ಸೈಕಲ್ಲು ಬಲಕ್ಕೆ ಹೊರಳಿಬಿಡುತ್ತದೆ. ಅವನ ಹೆಸರನ್ನು ಹಾರ್ನ್ ಮಾಡಿಕೊಂಡಿದ್ದೇನೆ. ಸಂಜೆ ಪ್ರಾರ್ಥನೆಗೆ ಕೂತರೆ ನಾಲಿಗೆಗೆ ಬರೀ ತಿರುವುಗಳು.

ಮಾರ್ಚ್ 1

ಅಳಿಯ ಹಳದಿ ಗಾಡಿಯೊಂದನ್ನು ತಂದಿದ್ದಾನೆ. ಎರಡು ಚಕ್ರ, ಮೇಲೆ ಬಟ್ಟೆಯ ಮುಚ್ಚಿಗೆ, ಒಳಗೆ ಪುಟ್ಟ ಸೀಟು, ಬೆಲ್ಟು. ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಗುಬ್ಬಿಗೆ — ಮೊಮ್ಮಗಳಿಗೆ, ಇನ್ನೂ ನಾಲ್ಕು ತುಂಬಿಲ್ಲ.

ಯಾರ ಸೈಕಲ್ಲಿಗೆ ಎಂದು ಕೇಳಿದೆ. ನಮ್ಮದಕ್ಕಂತೆ. ಅವರಿಬ್ಬರದರ ಮೇಲೆ ಟೆಂಟು, ಪಾತ್ರೆ, ಬಟ್ಟೆ. ನಮ್ಮದರಲ್ಲಿ ಇಬ್ಬರ ಕಾಲಿನ ಬಲ. ಮಗಳು ಅಂದಳು: "ಅಪ್ಪನ ಕೈಲಿ ಗಾಡಿ ಅಂದ್ರೆ ಕಣ್ಮುಚ್ಕೊಂಡು ಕೂರಬಹುದಮ್ಮ."

ಇವರು ಗೋಡೆ ನೋಡುತ್ತಿದ್ದರು.

ಮಾರ್ಚ್ 2

ನಾನು ಬರುವುದಿಲ್ಲ ಎಂದೆ. ಸೊಂಟ ಎಂದೆ, ವಯಸ್ಸು ಎಂದೆ. ಮಗಳ ಮುಖ ಬಾಡಿತು. ಅಳಿಯ ಹಾಗಾದರೆ ತಾನೇ ಮಾವನ ಹಿಂದೆ ಕೂರುತ್ತೇನೆಂದ. ಅವನಿಗೇನು ಗೊತ್ತು ಹಿಂದೆ ಕೂರುವುದೆಂದರೆ... ಮಾತು ವಾಪಸ್ ತೆಗೆದುಕೊಂಡೆ. ಬಂದರೂ ಕಷ್ಟ, ಬಿಟ್ಟರೂ ಕಷ್ಟ. ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗೆ.

ಆಮೇಲೆ ಹಿತ್ತಿಲಲ್ಲಿ ಇವರ ಕೈ ಹಿಡಿದುಕೊಂಡೆ. ಮಗುವನ್ನು ಕಟ್ಟಿಕೊಳ್ಳುವುದು ಬೇಡ ಎಂದು ನೀವೇ ಹೇಳಿ, ನನ್ನ ಬಾಯಂತೂ ಕಟ್ಟಿದ್ದೀರಿ ಎಂದೆ. ಕೈ ಬಿಡಿಸಿಕೊಂಡರು.

"ಏನಂತ ಹೇಳ್ಲಿ? ಹೇಳಿದ್ರೆ ಎಲ್ಲಾನೂ ಹೇಳ್ಬೇಕಾಗುತ್ತೆ. ನೀನಿದ್ದೀಯಲ್ಲ."

ನಾನಿದ್ದೇನೆ. ಅದೇ ತಪ್ಪಾಗಿರುವುದು.

ಮಾರ್ಚ್ 9

ನಾಳೆ ಗುಬ್ಬಿಯಿಲ್ಲದ ಕೊನೆಯ ಪ್ರಾಕ್ಟೀಸು. ಗಾಡಿಯಲ್ಲಿ ಗುಬ್ಬಿಯ ಬದಲು ಅವಳಷ್ಟೇ ತೂಕದ ಮರಳಿನ ಚೀಲ. ಅದು ತನ್ನ ತಮ್ಮನೆಂದು ಗುಬ್ಬಿಯ ಹಟ. ತನ್ನ ಕೆಂಪು ಟೋಪಿಯನ್ನೇ ಅದಕ್ಕೆ ಹಾಕಿ, ತಾನೇ ಬೆಲ್ಟು ಬಿಗಿದಳು. ಅದು ಅಳಬಾರದಂತೆ, ತಾತ ಮೆಲ್ಲಗೆ ಓಡಿಸುತ್ತಾರಂತೆ. ಮುಂದಿನ ವಾರದಿಂದ ಅವಳೇ ಕೂರುವುದು.

ಊಟಕ್ಕೆ ಕೂತಾಗ ಹೇಳಿದೆ: ಪ್ರಯಾಣ ಸುಖವಾಗಲಿ ಎಂದು ನಾಳೆ ನನಗೆ ಮೌನವ್ರತ, ಬೆಳಗಿನಿಂದ ಸಂಜೆ ದೀಪ ಹಚ್ಚುವ ತನಕ. ಒಂದು ದಿನವಾದರೂ ಮಾವನಿಗೆ ವಿಶ್ರಾಂತಿ ಎಂದ ಅಳಿಯ.

ಇವರ ಕೈಯ ತುತ್ತು ಕೈಯಲ್ಲೇ ನಿಂತಿತು.

"ಬೇರೆ ದಿನ ಇಟ್ಕೋ."

ದೇವರಿಗೆ ಹೇಳಿ ಆಯಿತು ಎಂದೆ. ಮುಂದೆ ಅವರು ಏನೂ ಅನ್ನುವಂತಿರಲಿಲ್ಲ, ಮಕ್ಕಳೆಲ್ಲ ಅಲ್ಲೇ ಕೂತಿದ್ದರಲ್ಲ. ನನ್ನ ಬಾಯಿ ಅವರು ಕಟ್ಟಿದರು, ಅವರ ಬಾಯಿ ನಾನು ಕಟ್ಟಿದೆ.

ಆಣೆ ಮುರಿಯುವುದಿಲ್ಲ. ಬಾಯಿ ಬಿಡುವುದೂ ಇಲ್ಲ. ಆಗುವುದೇನಿದ್ದರೂ ಮರಳಿನ ಚೀಲ ಇರುವಾಗಲೇ ಆಗಿಹೋಗಲಿ. ಬಿದ್ದರೆ ನಾನೂ ಬೀಳುತ್ತೇನೆ, ಅದು ನ್ಯಾಯವೇ. ದೇವರೇ, ಅವರ ಮೂಳೆ ಮಾತ್ರ... 

ಮಾರ್ಚ್ 10, ಬೆಳಿಗ್ಗೆ

ಮೌನ ಹಿಡಿದೆ. ಇವರು ಶೂ ಕಟ್ಟಿಕೊಳ್ಳುತ್ತಿದ್ದಾರೆ. ಲೇಸು ಎಲ್ಲಿದೆ ಎಂದು ಕೈಯಲ್ಲೇ ತಡಕುತ್ತಿದ್ದಾರೆ. ಇಂದಾದರೂ ಮಂಡಿನೋವು ಅನ್ನಬಾರದೆ? ಅನ್ನಲಿಲ್ಲ. ಹೊರಗೆ ಮಗಳು, ಅಳಿಯ ಬೆಲ್ಲು ಹೊಡೆಯುತ್ತಿದ್ದಾರೆ.

ಮಾರ್ಚ್ 10, ಸಂಜೆ

ಬರೆಯುತ್ತೇನೆ.

ಡಾಂಬರು ರಸ್ತೆ ಮುಗಿಯುವ ತನಕ ಸರಿಯಿತ್ತು, ನೇರ ದಾರಿ. ಮಣ್ಣಿನ ಇಳಿಜಾರು ಬಂತು. ಇವರ ಬೆನ್ನು ಕಾಯುತ್ತಿತ್ತು — ನನ್ನ ಮಾತಿಗೆ. ಅಂಗಿ ಬೆವತು ಅಂಟಿಕೊಂಡಿತ್ತು. ಮೊದಲನೇ ತಿರುವು ನೆನಪಿನ ಮೇಲೆ ತೆಗೆದುಕೊಂಡರು. ಎರಡನೆಯದರ ಆಚೆಗೆ ಕಲ್ಲು, ಎಮ್ಮೆ ಮಲಗಿದ ಹಾಗೆ. ದೂರದಿಂದಲೇ ಕಂಡೆ. ನಾಲಿಗೆ ತಾನಾಗಿ ಎದ್ದಿತು. ಕಚ್ಚಿ ಹಿಡಿದೆ. ಇನ್ನೂ ಬಾಯಲ್ಲಿ ರಕ್ತದ ರುಚಿ.

ಸೈಕಲ್ಲು ಹೇಗೋ ಪಾರಾಯಿತು. ಹಿಂದಿನ ಗಾಡಿ ಕಲ್ಲಿಗೆ ಹತ್ತಿ ಮಗುಚಿತು. ಅದು ಎಳೆದ ರಭಸಕ್ಕೆ ನಾವೂ ಪೊದೆಗೆ ಬಿದ್ದೆವು. ನನ್ನ ಮೊಣಕೈ ತರಚಿದೆ, ಇವರಿಗೆ ಅಂಗೈ. ಅಷ್ಟೇ. ಬಟ್ಟೆಯ ಮುಚ್ಚಿಗೆ ಹರಿದು, ಚೀಲ ಒಡೆದು, ಮರಳು ಇಳಿಜಾರಿನುದ್ದಕ್ಕೂ ಸುರಿದಿತ್ತು. ಕೆಂಪು ಟೋಪಿ ಅದರ ಮೇಲೆ.

ಮಗಳೂ ಅಳಿಯನೂ ಓಡಿ ಬಂದರು. ಇವರು ಯಾರನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿ ಕೂಗಿದರು:

"ಕಾಪಾಡಪ್ಪಾ ಅಂತ ಯಾಕೆ ಅನ್ಲಿಲ್ಲ? ಕಲ್ಲು ಬಂದ್ರೆ ಹೇಳ್ಬೇಕು ತಾನೆ?"

ಕೂಗಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು.

ಮಗಳು ಕಲ್ಲನ್ನು ನೋಡಿದಳು. ಅಪ್ಪನನ್ನು ನೋಡಿದಳು. "ಅಷ್ಟು ದೊಡ್ಡ ಕಲ್ಲು... ಅಪ್ಪಾ, ನಿಂಗೆ ಕಾಣ್ಲಿಲ್ವಾ?"

ಅವಳು ನನ್ನ ಹತ್ತಿರ ಬಂದಳು. ನಿನಗೆ ಗೊತ್ತಿತ್ತಾ ಅಮ್ಮ ಎಂದಳು. ನನಗೆ ಮೌನ. ಅವಳು ಟೋಪಿ ಎತ್ತಿಕೊಂಡು ಮರಳು ಕೊಡವಿದಳು. ಕೊಡವುತ್ತಲೇ ಇದ್ದಳು.

ಮನೆ ತನಕ ಸೈಕಲ್ಲು ತಳ್ಳಿಕೊಂಡು ಬಂದೆವು. ದಾರಿಯಲ್ಲಿ ಇವರೇ ಎಲ್ಲ ಹೇಳಿದರು, ನೆಲ ನೋಡಿಕೊಂಡು. ಗಾಡಿಗೆ ಈಗ ಬೀಗ. ಮಗಳು ಅತ್ತು ಮುಗಿಸಿ ಗುಬ್ಬಿಯನ್ನು ಮಲಗಿಸಲು ಹೋಗಿದ್ದಾಳೆ. ಅಳಿಯ ಮಾತ್ರ ಮಲಗಲು ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ತಾನು ಮುಂದೆ ಕೂರುತ್ತೇನೆ, ಮಾವ ಹಿಂದೆ ಕೂರಲಿ, ಮಗು ಮಗಳ ಸೈಕಲ್ಲಿಗೆ — ಘಟ್ಟದ ತುದಿ ತನಕ ಹೋಗೋಣ ಎಂದ. ಇವರು ತರಚಿದ ಅಂಗೈ ಸವರಿಕೊಂಡರು. ಆಯಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರಲ್ಲ.

ನಾನು ಒಳಗೆ ಬಂದು ದೀಪ ಹಚ್ಚಿದೆ. ಮೌನ ಮುಗಿಯಿತು. ಇನ್ನೂ ಒಂದು ಮಾತೂ ಆಡಿಲ್ಲ. ಮೊದಲು ಏನನ್ನಬೇಕು? ಕ್ಷಮಿಸಿ ಅನ್ನಲೆ? ತಪ್ಪು ಮಾಡಿದ ಹಾಗೆ ಅನ್ನಿಸುವುದಿಲ್ಲ. ಮಾಡಿಲ್ಲ ಎಂದೂ ಅನ್ನಿಸುವುದಿಲ್ಲ.

ಇವರು ಗೋಡೆ ಹಿಡಿದುಕೊಂಡು ಬಂದು ದೀಪದ ಗೂಡಿನ ಪಕ್ಕದ ಕುರ್ಚಿಯಲ್ಲೇ ಕೂತರು. ದೀಪ ಅವರ ಕಿವಿಯ ಹತ್ತಿರ ಉರಿಯುತ್ತಿದೆ. ಅರ್ಧ ಮುಖದ ಮೇಲೆ ಬೆಳಕು.

ಈಗ ಕೇಳಿದರು, ಮೆಲ್ಲಗೆ: "ದೀಪ ಹಚ್ಚಿದ್ಯೇನೇ? ಮಾತಾಡ್ಬಹುದಾ?"

ಹಚ್ಚಿದ್ದೇನೆ ಅಂದರೆ, ಕಿವಿಯ ಪಕ್ಕದ ಬೆಳಕೂ ಕಾಣುತ್ತಿಲ್ಲವೆಂದು ನಾನೇ ಹೇಳಿದ ಹಾಗೆ...