ಎರಡು ಟೋಪಿ ಅಕ್ಕ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದು ತಂಗಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯಬೇಕು; ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು. ನೀನು ಹೇಗಿದ್ದೀಯ? ನಿನ್ನ ಮಗ ಸಮುದ್ರದ ದಂಡೆಯ ಫೋಟೋ ಕಳಿಸಿದ್ದ. ಅದರಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದೀಯ. ಶೀತ ಇನ್ನೂ ಬಿಟ್ಟಿಲ್ಲವೇ? ಮೊದಲಿನಿಂದಲೂ ನಿನಗೆ ಗಾಳಿ ಆಗುವುದಿಲ್ಲ. ನಾನು ಮಾಡಿದರೆ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ, ಅದಕ್ಕೇ ಈ ಪತ್ರ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಕೊನೆಯ ಸಲ ನೀನು ಫೋನಿನಲ್ಲಿ ಹೇಳಿದ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. "ಬರಬೇಡ ಅಂತ ಒಂದೇ ಮಾತಲ್ಲಿ ಹೇಳ್ಬಿಡಕ್ಕ. ಪಾಪ, ಗೋಡೆ ಮೇಲೆ, ಭಾವನ ಮಂಡಿ ಮೇಲೆ, ನಲ್ಲಿ ಮೇಲೆಲ್ಲ ಯಾಕೆ ಸುಳ್ಳು ಹೊರಿಸ್ತೀಯ?" ಎಂದಿದ್ದೆ. ಇನ್ನು ನಾನಾಗಿ ಕೇಳುವುದಿಲ್ಲ ಎಂದೂ ಹೇಳಿ ಫೋನ್ ಇಟ್ಟುಬಿಟ್ಟೆ.

ನೀನು ಹೇಳಿದ್ದು ಸರಿ. ಗೋಡೆಗೆ ಬಣ್ಣ ಬಳಿಸಲೇ ಇಲ್ಲ. ನಿನ್ನ ಭಾವನ ಮಂಡಿ ಅವರ ವಯಸ್ಸಿಗೆ ಎಷ್ಟು ಚೆನ್ನಾಗಿರಬೇಕೋ ಅಷ್ಟು ಚೆನ್ನಾಗಿದೆ. ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿದೆ. ನೀನು ಬರುವುದು ನನಗೆ ಬೇಡವಾಗಿದ್ದದ್ದು ನಿಜ, ಆದರೆ ನೀನು ಬೇಡವಾಗಿರಲಿಲ್ಲ. ಬಂದವಳೇ ಚೀಲ ಇಳಿಸಿ, ಬಾಚಣಿಗೆ ಹುಡುಕಿಕೊಂಡು ನನ್ನ ಹಿಂದೆ ಕೂರುತ್ತೀಯಲ್ಲ, ಅದಕ್ಕೆ ಹೆದರಿದೆ.

ನನ್ನ ಕೂದಲು ಹೋಗಿದೆ ಕಣೇ.

ತೆಳ್ಳಗಾಗಿದೆ ಎಂದಲ್ಲ, ಹೋಗಿದೆ. ನೆತ್ತಿ ಪೂರ್ತಿ ಕಾಣುತ್ತದೆ. ಕಿವಿಯ ಹಿಂದೆ, ಕತ್ತಿನ ಮೇಲೆ ಒಂದಿಷ್ಟು ಉಳಿದಿದೆ, ಕಸ ಗುಡಿಸಿದವರು ಮೂಲೆಯಲ್ಲಿ ಬಿಟ್ಟುಹೋದ ಹಾಗೆ. ಚಿಕ್ಕವರಿದ್ದಾಗ ನಿನ್ನದು ಇಲಿಬಾಲ, ನನ್ನದು ಬಾವಿಹಗ್ಗ ಎಂದು ನಿನ್ನನ್ನು ಎಷ್ಟು ಅಳಿಸಿದ್ದೇನೆ. ಅರ್ಧ ನನಗೆ ಕೊಡು ಎಂದು ನೀನು ಜಡೆ ಹಿಡಿದು ಜೋತುಬೀಳುತ್ತಿದ್ದೆ. ಆಗಲೇ ಕೊಟ್ಟಿದ್ದರೆ ನಿನ್ನ ಹತ್ತಿರವಾದರೂ ಇರುತ್ತಿತ್ತು. ಎಲ್ಲ ಬಚ್ಚಲಿನ ತೂತಿಗೆ ಹೋಯಿತು.

ಮೊದಮೊದಲು ನಿನ್ನ ಭಾವ ತಮಾಷೆ ಮಾಡಿದರು. ಅವರ ತಲೆ ಮದುವೆಯ ಹೊತ್ತಿಗೇ ಬೋಳಾಗುತ್ತಿತ್ತಲ್ಲ, "ಈಗ ಜೋಡಿ ಸರಿಯಾಯ್ತು ನೋಡು" ಎಂದರು. ನಾನು ಮಾತು ಬಿಟ್ಟೆ. ಆಮೇಲೆ ಅವರು ಆ ವಿಷಯವನ್ನೇ ಎತ್ತಲಿಲ್ಲ. ಆದರೆ ನಾನು ಸ್ನಾನ ಮುಗಿಸಿ ಹೊರಬಂದ ಕೂಡಲೇ ಏನೋ ನೆಪ ಹೇಳಿ ಬಚ್ಚಲಿಗೆ ಹೋಗುತ್ತಿದ್ದರು. ಒಂದು ದಿನ ಇಣುಕಿ ನೋಡಿದರೆ ಕಡ್ಡಿ ಹಿಡಿದು, ಬಗ್ಗಿ, ತೂತಿಗೆ ಸಿಕ್ಕಿಕೊಂಡ ಕೂದಲನ್ನು ತೆಗೆಯುತ್ತಿದ್ದಾರೆ, ನನ್ನ ಕಣ್ಣಿಗೆ ಬೀಳದಿರಲಿ ಎಂದು. ನೋಡದವಳ ಹಾಗೆ ಅಡುಗೆಮನೆಗೆ ಬಂದುಬಿಟ್ಟೆ.

ಡಾಕ್ಟರು ನನ್ನ ತಲೆಗಿಂತ ಮೊದಲು ಚೀಟಿಯಲ್ಲಿದ್ದ ವಯಸ್ಸನ್ನು ನೋಡಿದರು. "ವಯಸ್ಸಾಯ್ತಲ್ಲಮ್ಮ, ಇನ್ನೇನು" ಎಂದು ಹಚ್ಚಿಕೊಳ್ಳಲು ಒಂದು ಔಷಧಿ ಬರೆದರು. ಹಚ್ಚಿದೆ. ಹಣೆಯ ಮೇಲೆ ರೋಮ ಬಂತು, ತಲೆಯ ಮೇಲೆ ಬರಲಿಲ್ಲ. ಇದರಿಂದ ಯಾರೂ ಸಾಯುವುದಿಲ್ಲ, ಗೊತ್ತು. ಸಾಯದ ಕಾಯಿಲೆಗೆ ಅಳುವುದಕ್ಕೂ ನಾಚಿಕೆಯಾಗುತ್ತದೆ. ಕನ್ನಡಿಗೆ ಬೆನ್ನು ಹಾಕಿ, ಅಂಗಡಿಯ ಗಾಜು ಬಂದರೆ ಮುಖ ತಿರುಗಿಸಿ, ಹಿಂದೆ ಯಾರೂ ಕೂರದಿರಲಿ ಎಂದು ಬಸ್ಸಿನಲ್ಲಿ ಕೊನೆಯ ಸೀಟು ಹುಡುಕಿ ನನಗೆ ಸಾಕಾಗಿ ಹೋಗಿದೆ. ಏನೂ ಮಾಡದೆಯೇ ಸುಸ್ತು.

ನಮ್ಮ ಬ್ರೆಡ್ ಕಾರ್ಖಾನೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪ್ಯಾಕಿಂಗ್ ಮೇಜಿನ ಹತ್ತಿರ ನಿಲ್ಲುವವರೆಲ್ಲ ಬಟ್ಟೆಯ ಟೋಪಿ ಹಾಕಲೇಬೇಕು. ಎಲ್ಲರಿಗೂ ಒಂದೊಂದು, ನನಗೆ ಎರಡು. ನನ್ನ ತುರುಬು ಒಂದರಲ್ಲಿ ಹಿಡಿಯುತ್ತಿರಲಿಲ್ಲ. ಅಲ್ಲಿ ನನ್ನ ಹೆಸರೇ ಎರಡು ಟೋಪಿ ಅಕ್ಕ. ಕೂದಲು ಹೋದ ಮೇಲೂ ದಿನಾ ಎರಡು ಟೋಪಿ ಕೇಳಿ ಇಸಿದುಕೊಳ್ಳುತ್ತಿದ್ದೆ. ಒಂದನ್ನು ಉಂಡೆ ಮಾಡಿ ತುರುಬಿನ ಜಾಗದಲ್ಲಿಟ್ಟು, ಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದೆ. ನಗಬೇಡ.

ಹೋದ ತಿಂಗಳು ಬನ್ನಿನಲ್ಲಿ ಉದ್ದನೆಯ ಬಿಳಿ ಕೂದಲು ಸಿಕ್ಕಿತೆಂದು ಯಾರೋ ಗಿರಾಕಿ ದೂರು ಕೊಟ್ಟರು. ಸೂಪರ್‌ವೈಸರ್, ನಿನ್ನ ಸೊಸೆಯ ವಯಸ್ಸಿನ ಹುಡುಗಿ, ನನ್ನನ್ನು ಒಳಗೆ ಕರೆದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ, ಇಷ್ಟುದ್ದ ಬಿಳಿ ಕೂದ್ಲು ಇಲ್ಲಿ ಇನ್ಯಾರಿಗಿದೆ, ನೀವೇ ಹೇಳಿ" ಎಂದಳು. ಟೋಪಿ ತೆಗೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೈ ಟೋಪಿಯವರೆಗೆ ಹೋಗಿದ್ದೂ ಹೌದು. ಹೋಗಿ, ಅದನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಿತು. ನಂದೇ ಇರಬೇಕಮ್ಮ, ತಪ್ಪಾಯ್ತು ಎಂದುಬಿಟ್ಟೆ. ನಿನಗೊಬ್ಬಳಿಗೇ ಹೇಳುತ್ತೇನೆ, ಆಗ ಒಂಚೂರು ಖುಷಿಯೂ ಆಯಿತು. ನನ್ನ ತಲೆಯಲ್ಲಿ ಕೂದಲಿದೆ ಎಂದು ನಂಬುವವರು ಇನ್ನೂ ಇದ್ದಾರಲ್ಲ ಎಂದು.

ಪ್ಯಾಕಿಂಗ್‌ನಿಂದ ತೆಗೆದು ಟ್ರೇ ತೊಳೆಯುವಲ್ಲಿಗೆ ಹಾಕಿದರು. ಬಿಸಿನೀರು, ಸೋಪು, ಇಡೀ ದಿನ ಹಬೆ. ಸೊಂಟ ಹಿಡಿದುಕೊಂಡಿದೆ. ಅಲ್ಲಿ ನನ್ನ ಜೊತೆ ತೊಳೆಯುವವಳೊಬ್ಬಳು ಇದ್ದಾಳೆ, ಬಾಯಿಗೆ ಬೀಗವೇ ಇಲ್ಲ. ಗುರುವಾರ ಹಬೆಗೆ ಟೋಪಿ ಒದ್ದೆಯಾಗಿ ಜಾರಿತು. ಒಳಗಿನ ಉಂಡೆ ಸೋಪಿನ ನೀರಿಗೆ ಬಿತ್ತು. ಅವಳು ಅದನ್ನೆತ್ತಿ ಹಿಂಡಿ ನನ್ನ ಕೈಗೆ ಕೊಟ್ಟು, ನನ್ನ ತಲೆಯನ್ನೇ ನೋಡುತ್ತಾ ನಿಂತಳು. "ಅಯ್ಯೋ, ಬನ್ನಲ್ಲಿ ಸಿಕ್ಕಿದ್ದು ನಿಮ್ದಲ್ವೇ ಅಲ್ಲ! ಇಲ್ದೇ ಇರೋ ಕೂದ್ಲಿಗೆ ಯಾಕಕ್ಕ ಇಲ್ಲಿ ಬಂದು ಬೇಯ್ತಿದೀರ?" ಎಂದಳು.

ನನಗೆ ನಗು ಬಂತು. ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕುಸಿದೆ. ಯಾವಾಗ ಅಳು ಶುರುವಾಯಿತೋ ತಿಳಿಯಲಿಲ್ಲ. ಆ ಬೀಗವಿಲ್ಲದ ಬಾಯಿಯವಳು ಹೊರಗೆ ಕೇಳದಿರಲಿ ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು, ನಿನ್ನ ವಿಷಯದಲ್ಲೂ ಇದನ್ನೇ ಮಾಡಿದ್ದೇನೆ. ಟೋಪಿ ತೆಗೆಯುವುದಕ್ಕಿಂತ ಕೆಟ್ಟ ಅಕ್ಕ ಎನಿಸಿಕೊಳ್ಳುವುದೇ ವಾಸಿ ಎಂದುಕೊಂಡೆ. ಕೂದಲಂತೂ ಹೋಯಿತು, ಅದರ ಹಿಂದೆ ತಂಗಿಯನ್ನೂ ಕಳಿಸಿಬಿಡುತ್ತಿದ್ದೆ. ಅಮ್ಮ ಕೊನೆಕೊನೆಗೆ ಸದಾ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದಳಲ್ಲ, ನೆನಪಿದೆಯಾ? ತಲೆನೋವು ಎನ್ನುತ್ತಿದ್ದಳು. ನಾವು ಮಾತ್ರೆ ತಂದುಕೊಡುತ್ತಿದ್ದೆವು, ಪಾಪ, ನುಂಗುತ್ತಿದ್ದಳು. ಹೆತ್ತ ಮಕ್ಕಳ ಮುಂದೆಯೂ ಬಿಚ್ಚಲಿಲ್ಲ. ನನಗೆ ಹಾಗೆ ಸಾಯುವುದು ಬೇಡ.

ಅದಕ್ಕೇ ಹೇಳುತ್ತಿದ್ದೇನೆ, ಬಾ. ಸೂಪರ್‌ವೈಸರ್‌ಗೆ ತೋರಿಸುವ ಧೈರ್ಯ ಇನ್ನೂ ಬಂದಿಲ್ಲ. ಬಂದರೆ ಪ್ಯಾಕಿಂಗ್ ಮೇಜು ವಾಪಸ್ ಸಿಗುತ್ತದೆ, ಬರದಿದ್ದರೆ ಟ್ರೇ ತೊಳೆದುಕೊಂಡಿರುತ್ತೇನೆ. ಮೊದಲು ನೀನು ನೋಡು. ಬಾಚಣಿಗೆ ಬೇಡ, ಸುಮ್ಮನೆ ನನ್ನ ಹಿಂದೆ ಕೂತರೆ ಸಾಕು. ನೀನು ಕೂರದೆ ನನ್ನ ಬೆನ್ನೇ ಬರಿದಾಗಿದೆ.

ಇಲಿಬಾಲದ ದಾರಿ ಕಾಯುತ್ತಾ,
ನಿನ್ನ ಬೋಳು ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ಮುಖ ನೋಡಬೇಕೆನಿಸಿ ಆ ಫೋಟೋವನ್ನು ಮತ್ತೆ ತೆಗೆದೆ. ಮೊಮ್ಮಕ್ಕಳು ಬರಿಮೈಯಲ್ಲಿ ನೀರಾಡುತ್ತಿವೆ, ನಿನ್ನ ಸೊಸೆ ಬೆವರು ಒರೆಸಿಕೊಳ್ಳುತ್ತಿದ್ದಾಳೆ. ಅಂಥ ಬಿಸಿಲಿನಲ್ಲಿ ನಿನಗೊಬ್ಬಳಿಗೆ ಯಾವ ಶೀತ ಕಣೇ? ನನ್ನ ತಲೆ ಬಾಚುವುದಕ್ಕೆ ಬರುತ್ತೀಯ ಎಂದು ಹೆದರಿ ಬಾಗಿಲು ಹಾಕಿಕೊಂಡೆ. ನೀನು ನಿನ್ನ ತಲೆಯನ್ನು ತೋರಿಸುವುದಕ್ಕೆ ಬರುತ್ತಿದ್ದೆ, ಅಲ್ಲವೇ? ಟೋಪಿ ಹಾಕಿಕೊಂಡೇ ಬಾ. ಬಾಗಿಲಲ್ಲಿ ತೆಗೆಯಬೇಡ. ಒಳಗೆ ಬಂದು, ಕೂತು, ಕಾಫಿ ಕುಡಿದಾದ ಮೇಲೆ ತೆಗೆಯೋಣ. ಮೊದಲು ನಾನು ತೆಗೆಯುತ್ತೇನೆ, ದೊಡ್ಡವಳಲ್ಲವೇ.