ಪಕ್ಕದ ಅಂಗಡಿಯ ಗುರುತು

ಮಾರ್ಚ್ 3, ಬೆಳಗ್ಗೆ 10
ಇವತ್ತೂ ಉತ್ತರವಿಲ್ಲ. ಒಂಬತ್ತನೇ ಮೇಲ್. ಗುಂಡಿತೂತು ಹೊಲಿಯುವ ಕಾಜಾ ಮೆಷಿನ್ನಿಗೆ ಹದಿನೆಂಟು ಸಾವಿರ ಕಟ್ಟಿ ತಿಂಗಳಾಯಿತು. ಎರಡು ರಾಜ್ಯದಾಚೆಯ ಆನ್‌ಲೈನ್ ಅಂಗಡಿ, ಹೋಗಿ ಜಗಳವಾಡಲೂ ಆಗದು. ಫೋನ್ ಮಾಡಿದರೆ ಹಾಡು ಕೇಳಿಸುತ್ತಾರೆ. ಶಾಲೆಯ ನೂರಿಪ್ಪತ್ತು ಶರ್ಟು ಇಪ್ಪತ್ತನೇ ತಾರೀಕಿಗೆ ಕೊಡಬೇಕು. ತಪ್ಪಿದರೆ ಮುಂದಿನ ಆರ್ಡರು ಪಕ್ಕದವಳಿಗೆ.

ಪಕ್ಕದವಳು — ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳದೂ ಟೈಲರಿಂಗ್. ಅದೇ ಮೆಷಿನ್, ಅದೇ ಆನ್‌ಲೈನ್ ಅಂಗಡಿ, ನಾಲ್ಕೇ ದಿನಕ್ಕೆ ಬಂತು! ಗೋಡೆಯಾಚೆ ಟರ್ರ್... ಟರ್ರ್... ನನ್ನ ಹೊಟ್ಟೆಗೇ ಕಾಜಾ ಹೊಡೆದ ಹಾಗೆ. ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ.

ಮಾರ್ಚ್ 4
ಕೊನೆಗೂ ಒಂದು ಸಾಲು. "ವಿಳಾಸ ಸಿಗಲಿಲ್ಲ. ಪಾರ್ಸೆಲ್ ವಾಪಸ್." ದುಡ್ಡಿನ ಮಾತೇ ಇಲ್ಲ.

ನಮ್ಮ ಯಜಮಾನರು ಆರ್ಡರ್ ತೆಗೆದು ನೋಡಿದರು. "ವಿಳಾಸದ ಗುರುತು: ಹಳೇ ಪ್ರಿಂಟಿಂಗ್ ಪ್ರೆಸ್ ಎದುರು. ಆ ಪ್ರೆಸ್ ಕೆಡವಿ ಎಂಟು ವರ್ಷ ಆಯ್ತಲ್ಲೇ! ಎಲ್ಲರಿಗೂ ಗೊತ್ತಿರೋದು ಅವಳ ಅಂಗಡಿ. ಅದರ ಪಕ್ಕ ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಗಂಟೇ ಹೋಯಿತಲ್ಲ. ಆದರೂ — ಈ ಬೀದಿಗೆ ಮೊದಲು ಬಂದವಳು ನಾನು. ಅವಳಿಗೆ ಗುಂಡಿ ಹಚ್ಚಲು ಕಲಿಸಿದವಳು ನಾನು. ನನ್ನ ವಿಳಾಸಕ್ಕೆ ಅವಳ ಗುರುತೇ?

ಮಾರ್ಚ್ 12
ಎಪ್ಪತ್ತು ಶರ್ಟಿನ ಕಾಜಾ ಕೈಯಲ್ಲೇ ಮುಗಿಸಿದೆ. ಬೆರಳೆಲ್ಲ ತೂತು. ಅವಳು ಬಂದು ನಿಂತಳು.

"ಅಕ್ಕಾ, ಉಳಿದಿದ್ದು ಕೊಡಿ, ನನ್ನ ಮೆಷಿನ್ನಲ್ಲಿ ಒಂದೇ ದಿನಕ್ಕೆ ಮುಗಿಸ್ತೀನಿ."

"ನನ್ನದೂ ಬರ್ತಿದೆಯಮ್ಮ, ದಾರೀಲಿದೆ," ಅಂದೆ. ಶುದ್ಧ ಸುಳ್ಳು. ಅವಳ ಕೈಯಲ್ಲಿ ಹೊಸ ಬಳೆ ಬೇರೆ.

ಮಾರ್ಚ್ 15
ರೀಫಂಡ್ ಫಾರ್ಮ್ ಕಳಿಸಿದ್ದಾರೆ. ಸರಿಯಾದ ಗುರುತು ಕಡ್ಡಾಯ. ಬರೆದೆ, ಅಳಿಸಿದೆ, ಬರೆದೆ. ಅವಳ ಅಂಗಡಿ ಪಕ್ಕ. ಗುಳಿಗೆ ಅಗಿದು ನುಂಗಿದ ಹಾಗಾಯಿತು.

ಮಾರ್ಚ್ 18, ಮಧ್ಯಾಹ್ನ 3
ಮೇಲ್ ಬಂತು! "ರೀಫಂಡ್ ಆಗಿದೆ." ಬ್ಯಾಂಕಿನಲ್ಲಿ ನೋಡಿದರೆ ಏನೂ ಇಲ್ಲ. ಮತ್ತೆ ಓದಿದೆ. "ಫಾರ್ಮಿನಲ್ಲಿ ಹೆಸರಿಸಿದ ಅಂಗಡಿ ನಮ್ಮ ಹಳೇ ಗ್ರಾಹಕರು, ಅವರ ಖಾತೆಗೆ ಜಮಾ ಮಾಡಿದ್ದೇವೆ..." ಅಯ್ಯೋ ನನ್ನ ಕರ್ಮವೇ! ನನ್ನ ದುಡ್ಡಿಗೂ ಅವಳ ಮೇಲೇ ಪ್ರೀತಿ.

ಗೋಡೆಯಾಚೆ ಮೆಷಿನ್ ನಿಂತಿತು. ಈಗ ಬಾಗಿಲಲ್ಲಿ ಅವಳು, ಕೈಯಲ್ಲಿ ಫೋನು. ಲೆಕ್ಕ ಬರೆಯುವವಳ ಹಾಗೆ ಇದನ್ನು ಬರೆಯುತ್ತಲೇ ಇದ್ದೇನೆ, ತಲೆ ಎತ್ತಿಲ್ಲ.

"ಅಕ್ಕಾ, ಮೆಷಿನ್ ಅಂಗಡಿಯೋರು ನನಗೆ ಹದಿನೆಂಟು ಸಾವಿರ ಹಾಕಿದಾರೆ. ನಿಮ್ಮದೇನೋ ಅಂದ್ಕೊಂಡೆ. ಆದ್ರೆ ನಿಮ್ಮ ಮೆಷಿನ್ ದಾರೀಲಿದೆ ಅಂದ್ರಲ್ಲ... ವಾಪಸ್ ಕಳಿಸಿಬಿಡ್ಲಾ?"

ನನ್ನದು ಅನ್ನಬೇಕು. ಒಂದೇ ಮಾತು. ಅವಳ ಬೆರಳು ಫೋನಿನ ಮೇಲಿದೆ. ಬಾಯಿ ತೆರೆದೇಬಿಟ್ಟೆ: "ನನ್ನ..."